ಪಿಯುಸಿ ಆದ ಮೇಲೆ ಒಂದು ವರ್ಷ ಸುಮ್ನೆ ಬಿಡಬಹುದಾ? ಅನುಭವ ಇದ್ದವರು ಹೇಳಿ

ಹಾಸನದ ಅಮ್ಮ (ಕೇಳಿದವರು)

ಮಗಳು ಈ ವರ್ಷ, 2025ರಲ್ಲಿ, ಸೆಕೆಂಡ್ ಪಿಯುಸಿ ಮುಗಿಸಿದಳು. ಪಿಸಿಎಂಬಿ, 88 ಪರ್ಸೆಂಟ್. ನೀಟ್‌ನಲ್ಲಿ (ಮೆಡಿಕಲ್ ಪ್ರವೇಶ ಪರೀಕ್ಷೆ) 402. ಸಿಇಟಿಯಲ್ಲಿ ಬಿಎಸ್ಸಿ ಕೃಷಿ ಸಿಕ್ಕರೂ ಸಿಗಬಹುದು. ಆದರೆ ಅವಳು ಹೇಳುವುದೇ ಬೇರೆ. "ಒಂದು ವರ್ಷ ಏನೂ ಬೇಡಮ್ಮ. ಕಾಲೇಜೂ ಬೇಡ, ಕೋಚಿಂಗೂ ಬೇಡ. ಅಜ್ಜಿ ಮನೇಲಿ ಇರ್ತೀನಿ. ಅಲ್ಲಿ ದನದ ಡಾಕ್ಟರ್ ಜೊತೆ ಓಡಾಡ್ತೀನಿ, ಗಾಡಿ ಕಲೀತೀನಿ. ಮುಂದಿನ ವರ್ಷ ಏನು ಓದಬೇಕು ಅಂತ ನಾನೇ ಹೇಳ್ತೀನಿ" ಅನ್ನುತ್ತಾಳೆ.

ಎಂಟನೇ ಕ್ಲಾಸಿನಲ್ಲಿ ಫೌಂಡೇಶನ್ ಕೋರ್ಸ್ ಅಂತ ಶುರುವಾಗಿದ್ದು. ಐದು ವರ್ಷದಲ್ಲಿ ಅವಳಿಗೆ ಅಂತ ಒಂದು ಪೂರ್ತಿ ಭಾನುವಾರ ಸಿಕ್ಕಿದ್ದು ನನಗೆ ನೆನಪಿಲ್ಲ. ಅವರಪ್ಪ "ವರ್ಷ ಹಾಳು ಮಾಡ್ಕೋತಾಳೆ" ಅಂತ ಮಾತು ಬಿಟ್ಟಿದ್ದಾರೆ. ಸಿಇಟಿ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಕೋರ್ಸ್‌ಗಳ ಪಟ್ಟಿ ಹಾಕುವುದು) ನಡೆಯುತ್ತಿದೆ. ಲಾಂಗ್ ಟರ್ಮ್ (ಮತ್ತೆ ನೀಟ್ ಬರೆಯಲು ಒಂದು ವರ್ಷದ ಕೋಚಿಂಗ್) ಬಗ್ಗೆ ನಾನು ಕೇಳುತ್ತಿಲ್ಲ, ದಯವಿಟ್ಟು. ನಿಜವಾಗಿ ಸುಮ್ನೆ ಒಂದು ವರ್ಷ ಬಿಟ್ಟವರು ಯಾರಾದರೂ ಇದ್ದರೆ ಹೇಳಿ.

ದಾವಣಗೆರೆ ಅಪ್ಪ

ಮೇಡಂ, ಯೋಚನೆ ಮಾಡಬೇಡಿ, ಲಾಂಗ್ ಟರ್ಮ್‌ಗೆ ಹಾಕಿ. ನಮ್ಮ ಹುಡುಗನದೇ ಹೇಳುತ್ತೇನೆ. 2024ರಲ್ಲಿ ಅವನಿಗೆ 608 ಬಂತು. ಅದರ ಹಿಂದಿನ ವರ್ಷ ಆಗಿದ್ದರೆ ಸರ್ಕಾರಿ ಸೀಟು ಕೈಯಲ್ಲಿತ್ತು. 2024ರಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. 67 ಜನಕ್ಕೆ 720ಕ್ಕೆ 720. 1,563 ಮಕ್ಕಳಿಗೆ ಗ್ರೇಸ್ ಮಾರ್ಕ್ಸ್. ಫಲಿತಾಂಶ ಬಂದದ್ದು ಜೂನ್ 4, ಲೋಕಸಭೆ ಮತ ಎಣಿಕೆಯ ದಿನ. ಊರೆಲ್ಲ ಟಿವಿ ಮುಂದೆ, ನಾವು ಮೂವರು ಮೊಬೈಲ್ ಮುಂದೆ. ಜನರಲ್‌ನಲ್ಲಿ 608ಕ್ಕೆ ಏನೂ ಇಲ್ಲ. ಮರುಪರೀಕ್ಷೆ ಆಗುತ್ತೆ, ಆಗಲ್ಲ ಅಂತ ಜುಲೈ 23ರವರೆಗೆ ಸುಪ್ರೀಂ ಕೋರ್ಟ್ ಕಡೆ ನೋಡಿದ್ದೇ ನೋಡಿದ್ದು. ಅಷ್ಟು ದಿನ ಹುಡುಗ ಪುಸ್ತಕ ತೆರೆಯಲೂ ಇಲ್ಲ, ಮುಚ್ಚಿಡಲೂ ಇಲ್ಲ.

ಆಮೇಲೆ ಕರಾವಳಿ ಕಡೆ ಒಂದು ಕಡೆ ಹಾಕಿದೆವು. ಲೆಕ್ಕ ಪೂರ್ತಿ ಬರೆದಿಟ್ಟಿದ್ದೇನೆ, ಯಾರಿಗಾದರೂ ಉಪಯೋಗ ಆಗಲಿ. ಫೀಸು ಹಾಸ್ಟೆಲ್ ಸೇರಿ 2,35,000. ಡೆಪಾಸಿಟ್ 10,000. ಹಾಸಿಗೆ, ಟ್ರಂಕ್, ಬಕೆಟ್ 4,600. ಬೇರೆ ಕಡೆಯ ಟೆಸ್ಟ್ ಸೀರೀಸ್ 7,500. ಬಟ್ಟೆ ಒಗೆಯಲು ತಿಂಗಳಿಗೆ 650ರಂತೆ ಹತ್ತು ತಿಂಗಳು. ಕನ್ನಡಕ ಎರಡು ಸಲ, 6,400. ಎರಡನೇ ಸಲ ಕನ್ನಡಕದ ಮೇಲೆ ಅವನೇ ಕೂತಿದ್ದು. ಅಮ್ಮ (ಚಿಕನ್‌ಪಾಕ್ಸ್) ಬಂದಾಗ ಹಾಸ್ಟೆಲ್‌ನವರು ಅವತ್ತೇ ಕರಕೊಂಡು ಹೋಗಿ ಅಂದರು. ಆ ಮುಖ ಇಟ್ಟುಕೊಂಡು ಬಸ್ಸಿಗೆ ಹತ್ತುವ ಹಾಗಿಲ್ಲ, ಕಾರು 8,500. 19 ದಿನ ಮನೆಯಲ್ಲಿ. ನಾವು ನೋಡಲು ಹೋಗಿಬಂದದ್ದು 14 ಸಲ, ಸಲಕ್ಕೆ 1,100. ನೀಟ್ ಫೀಸು 1,700. ಒಟ್ಟು 2,95,600. ತಿಂಡಿ ಲೆಕ್ಕ ಹಿಡಿದಿಲ್ಲ.

ಈ ವರ್ಷ ಮೇ 4ರಂದು ನೀಟ್ ಫಿಜಿಕ್ಸ್ ಹೇಗಿತ್ತು ಅಂತ ಗೊತ್ತೇ ಇದೆಯಲ್ಲ. ಗೇಟಿನಿಂದ ಹೊರಗೆ ಬಂದವನು ಚಪ್ಪಲಿ ಹಾಕಿಕೊಳ್ಳದೆ ಕಾರಿನವರೆಗೆ ನಡೆದ. ಬಂದದ್ದು 531. ನಂಟರಿಗೆ ಹೇಳಿ ಹೇಳಿ ಸಾಕಾಯಿತು. "ಅಯ್ಯೋ, ಮೂರು ಲಕ್ಷ ಕೊಟ್ಟು 77 ಮಾರ್ಕ್ಸ್ ಕಮ್ಮಿ ಮಾಡ್ಕೊಂಡ್ನಾ?" ಅಂತ ನಮ್ಮ ಭಾವನೇ ಕೇಳಿದರು. ಈ ಸಲ ಪೇಪರ್ ಕಷ್ಟ, ಎಲ್ಲರಿಗೂ ಮಾರ್ಕ್ಸ್ ಇಳಿದಿದೆ, ರ್ಯಾಂಕ್ ಮಾತ್ರ ಹೋದ ವರ್ಷಕ್ಕಿಂತ ಎಷ್ಟೋ ಮುಂದೆ. ಸರ್ಕಾರಿ ಸೀಟು ಗ್ಯಾರಂಟಿ. ಡ್ರಾಪ್ ಮಾಡಿಸಿದ್ದಕ್ಕೆ ಒಂದು ಚೂರೂ ಬೇಜಾರಿಲ್ಲ.

2021ರ ಬ್ಯಾಚ್‌ನವನು

ಸರ್, ಸೀಟು ಇನ್ನೂ ಹಂಚಿಲ್ಲ. ಹಂಚಿದ ಮೇಲೆ ಗ್ಯಾರಂಟಿ ಅನ್ನಿ. ನಾನು ಅನುಭವಿಸಿದ್ದೇನೆ.

ನಮ್ಮದು ಕೊರೊನಾ ಬ್ಯಾಚ್. ಪಿಯು ಪರೀಕ್ಷೆಯೇ ನಡೆಯಲಿಲ್ಲ. ಎಸ್ಸೆಸ್ಸೆಲ್ಸಿ, ಫಸ್ಟ್ ಪಿಯು ಮಾರ್ಕ್ಸ್ ಸೇರಿಸಿ ಪಾಸು ಮಾಡಿದರು. ರಾಜ್ಯದಲ್ಲಿ 2,239 ಜನಕ್ಕೆ 600ಕ್ಕೆ 600. ನನಗೆ 571. ಸಿಇಟಿಯಲ್ಲಿ ಸಿವಿಲ್ ಸಿಕ್ಕಿತು, ನನಗೆ ಕಂಪ್ಯೂಟರ್ ಸೈನ್ಸ್ ಬೇಕಿತ್ತು. ಬಿಟ್ಟೆ. ಒಂದು ವರ್ಷ ಮನೆಯ ಅಟ್ಟದ ಮೇಲೆ ಓದಿದೆ. ತಗಡಿನ ಮಾಡು, ಏಪ್ರಿಲ್‌ನಲ್ಲಿ ಬೆಳಿಗ್ಗೆ ಹತ್ತಕ್ಕೇ ಕೂರಲು ಆಗುತ್ತಿರಲಿಲ್ಲ. ಒದ್ದೆ ಟವೆಲ್ ತಲೆ ಮೇಲೆ ಹಾಕಿಕೊಂಡು ಕೂತಿದ್ದೇನೆ.

2022ರಲ್ಲಿ ರ್ಯಾಂಕ್ ಬಂದಾಗ ನೋಡಿದರೆ ರಿಪೀಟರ್‌ಗಳಿಗೆ ಪಿಯು ಮಾರ್ಕ್ಸ್ ಲೆಕ್ಕಕ್ಕೇ ಇಲ್ಲ! ಹೊಸಬರಿಗೆ ಪಿಯು ಅರ್ಧ, ಸಿಇಟಿ ಅರ್ಧ. ನಮಗೆ ಬರೀ ಸಿಇಟಿ. ಸುಮಾರು 24 ಸಾವಿರ ಜನ ನಾವು. ನನ್ನ ಲೆಕ್ಕದಲ್ಲಿ 11 ಸಾವಿರದ ಒಳಗೆ ಬರಬೇಕಿದ್ದ ರ್ಯಾಂಕ್ 50 ಸಾವಿರ ದಾಟಿತ್ತು. ಹೈಕೋರ್ಟಿಗೆ ಹೋದರು. ಸೆಪ್ಟೆಂಬರ್‌ನಲ್ಲಿ ನಮ್ಮ ಪರ ತೀರ್ಪು ಬಂತು. ಸರ್ಕಾರ ಮೇಲ್ಮನವಿ ಹಾಕಿತು. ಕೊನೆಗೆ ಪಿಯು ಮಾರ್ಕ್ಸ್‌ನಲ್ಲಿ ಸ್ವಲ್ಪ ಕಡಿದು ಸೇರಿಸುವ ಸೂತ್ರಕ್ಕೆ ಬಂದು ನಿಂತಿತು. ಅಷ್ಟರಲ್ಲಿ ನಮ್ಮಪ್ಪ ಹೆದರಿ ಮ್ಯಾನೇಜ್‌ಮೆಂಟ್ ಸೀಟಿಗೆ 1,50,000 ಕಟ್ಟಿಬಿಟ್ಟಿದ್ದರು. ಅದು ವಾಪಸ್ ಬರಲಿಲ್ಲ. ನಾನು ತಪ್ಪು ಮಾಡಿದ್ದು ಏನು ಅಂತ ಇವತ್ತಿಗೂ ಗೊತ್ತಿಲ್ಲ. ಓದಿದ್ದೆ, ಅಷ್ಟೇ.

ಮೇಡಂ, ಸಿಕ್ಕಿದ್ದಕ್ಕೆ ಸೇರಿಸಿ. ಒಂದು ವರ್ಷ ಬಿಟ್ಟರೆ ಆಟದ ನಿಯಮವೇ ಬದಲಾಗಿರುತ್ತೆ.

ಪಿಯು ಲೆಕ್ಚರರ್

29 ವರ್ಷದಿಂದ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೇನೆ. ಮಕ್ಕಳನ್ನು ಖಾಲಿ ಬಿಡಬಾರದು. ಮೊದಲು ಒಂದು ಸೀಟು ಹಿಡಿಯಿರಿ. ಸಿಇಟಿ ಸೀಟು ಬಂದಾಗ ಚಾಯ್ಸ್ 2 (ಈ ಸೀಟು ಇರಲಿ, ಮುಂದಿನ ಸುತ್ತಿನಲ್ಲೂ ಇರುತ್ತೇನೆ ಅಂತ) ಒತ್ತಿ, ಫೀಸು ಕಟ್ಟಿ, ಮುಂದಿನ ಸುತ್ತಿಗೆ ಕಾಯಿರಿ. ಕಾಲೇಜಿಗೆ ಸೇರಿಕೊಂಡೇ ಮತ್ತೆ ನೀಟ್ ಬರೆಯಬಹುದು. ಕಾಲ ಕೆಳಗೆ ನೆಲ ಇರುತ್ತೆ. ನನ್ನ ಮಗನಿಗೂ ಹಾಗೇ ಮಾಡಿಸಿದೆ. ಇಂಜಿನಿಯರಿಂಗ್ ಓದುತ್ತಲೇ ನೀಟ್ ಬರೆದ.

ಇನ್ನೊಂದು ವಿಷಯ. ಸಿಇಟಿ ರ್ಯಾಂಕ್ ಆ ವರ್ಷಕ್ಕೆ ಮಾತ್ರ. ಮುಂದಿನ ವರ್ಷ ಕೃಷಿ ಬೇಕೆಂದರೂ ಮತ್ತೆ ಪರೀಕ್ಷೆ ಬರೆಯಲೇಬೇಕು. ದನದ ಡಾಕ್ಟರ್ ಹಿಂದೆ ಓಡಾಡಿದರೆ ಆರ್ಗ್ಯಾನಿಕ್ ಕೆಮಿಸ್ಟ್ರಿ ನೆನಪಿರುತ್ತಾ?

ದಾವಣಗೆರೆ ಅಪ್ಪ

ಚಾಯ್ಸ್ 2 ಯಾಕೆ ಸರ್? ಚಾಯ್ಸ್ 3 ಒತ್ತಿದರೆ ಫೀಸು ಕಟ್ಟುವ ಗೋಜೇ ಇಲ್ಲ. ಸೀಟು ಹೇಗೂ ಇರುತ್ತೆ.

ಪಿಯು ಲೆಕ್ಚರರ್

ಇರಲ್ಲ! ಹೀಗೆ ಹೇಳಿ ಹೇಳಿಯೇ ಜನರನ್ನು ಹಾಳು ಮಾಡುವುದು. 3 ಅಂದರೆ ಈ ಸೀಟು ಬೇಡ, ಮುಂದಿನ ಸುತ್ತಿನಲ್ಲಿ ಇರುತ್ತೇನೆ ಅಂತ. ಸೀಟು ಕೈಬಿಟ್ಟ ಹಾಗೆ. 4 ಅಂದರೆ ಆಟದಿಂದಲೇ ಹೊರಗೆ. ಪ್ರತಿ ವರ್ಷ ನನ್ನ ಕ್ಲಾಸಿನ ಒಬ್ಬ ಹುಡುಗನಾದರೂ ಇದನ್ನು ಅದಲುಬದಲು ಮಾಡಿಕೊಂಡು ಅಳುತ್ತಾ ಬರುತ್ತಾನೆ. ಗೊತ್ತಿಲ್ಲದಿದ್ದರೆ ಸುಮ್ಮನಿರಿ.

ದಾವಣಗೆರೆ ಅಪ್ಪ

ಸರಿ, 3ರ ವಿಷಯ ತಪ್ಪು ಹೇಳಿದೆ, ಒಪ್ಪಿದೆ. ಗೊತ್ತಿಲ್ಲದಿದ್ದರೆ ಸುಮ್ಮನಿರಿ ಅನ್ನುವುದು ಮೇಷ್ಟ್ರ ಮಾತು, ಇಲ್ಲಿ ನಾವು ಯಾರೂ ನಿಮ್ಮ ವಿದ್ಯಾರ್ಥಿಗಳಲ್ಲ. ನಿಮ್ಮ ಮಗ ನೀಟ್ ಬರೆದ ಅಂದಿರಿ. ಏನಾಯಿತು ಅಂತ ಹೇಳಲಿಲ್ಲ?

ಪಿಯು ಲೆಕ್ಚರರ್

ನೀಟ್ ಆಗಲಿಲ್ಲ. ಮೊದಲ ವರ್ಷ ಎರಡು ಪೇಪರ್ ಉಳಿದವು, ಮ್ಯಾಥ್ಸ್ ಮತ್ತು ಮೆಕ್ಯಾನಿಕ್ಸ್. ಐದು ವರ್ಷಕ್ಕೆ ಮುಗಿಸಿದ. ಈಗ ಒಳ್ಳೆಯ ಕೆಲಸದಲ್ಲಿದ್ದಾನೆ.

2021ರ ಬ್ಯಾಚ್‌ನವನು

ಅಂದರೆ ಸರ್, ಅವನ ವರ್ಷವೂ ಹೋಯಿತು. ಕಂತಿನಲ್ಲಿ ಹೋಯಿತು, ಅಷ್ಟೇ.

ಗದಗಿನ ತಾಯಿ

ದಾವಣಗೆರೆ ಅಣ್ಣಾವ್ರೇ, ನಿಮ್ಮ ಮಗನಿಗೆ ಬಂತು, ಸಂತೋಷ. ಬಾರದವರ ಮನೆ ಹೇಗಿರುತ್ತೆ ಅಂತ ನಾನು ಹೇಳುತ್ತೇನೆ.

ನನ್ನ ಮಗಳು ಎರಡು ವರ್ಷ ಡ್ರಾಪ್ ಮಾಡಿದಳು. 2022ರಲ್ಲಿ 312. 2023ರಲ್ಲಿ 418. ನೂರು ಏರಿತಲ್ಲ, ಇನ್ನೊಂದು ವರ್ಷ ಹಾಕಿದರೆ ಆಗೇ ಆಗುತ್ತೆ ಅಂತ ಕೋಚಿಂಗ್‌ನವರೇ ಫೋನ್ ಮಾಡಿ ಹೇಳಿದರು. ಫೀಸಿನಲ್ಲಿ 15 ಸಾವಿರ ಬಿಡುತ್ತೇವೆ ಅಂದರು. ನಾನು ನಾಲ್ಕು ಬಳೆ, ಒಂದು ಎರಡೆಳೆ ಸರ ಬ್ಯಾಂಕಿನಲ್ಲಿಟ್ಟು 1,80,000 ತಂದೆ. 2024ರಲ್ಲಿ 487 ಬಂತು. ಫಲಿತಾಂಶದ ದಿನ ಓಣಿಗೆಲ್ಲ ಪೇಡೆ ಹಂಚಿದೆವು. ಕಟಾಫ್ ನೋಡಿದ್ದು ಮರುದಿನ. ಹಂಚಿದ ಪೇಡೆ ವಾಪಸ್ ಕೇಳಲಿಕ್ಕೆ ಆಗುತ್ತಾ? ಎಷ್ಟೋ ದಿನ ಜನ ದಾರಿಯಲ್ಲಿ ನಿಲ್ಲಿಸಿ "ಡಾಕ್ಟರ್ ಅವ್ವ" ಅಂತ ಮಾತಾಡಿಸುತ್ತಿದ್ದರು. ನಾನು ತಲೆ ಅಲ್ಲಾಡಿಸುತ್ತಿದ್ದೆ.

ಎರಡನೇ ವರ್ಷ ಅವಳು ಮದುವೆ ಮುಂಜಿಗೆ ಬರುವುದನ್ನು ಬಿಟ್ಟಳು. "ಈಗ ಏನ್ ಮಾಡಾಕತ್ತೀವಾ?" ಅಂತ ಯಾರಾದರೂ ಕೇಳುತ್ತಾರೆ ಅಂತ. ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ಈಗ ಬಿಎಸ್ಸಿ ನರ್ಸಿಂಗ್. ಚೆನ್ನಾಗಿ ಓದುತ್ತಿದ್ದಾಳೆ. 2022ರಲ್ಲೇ ಸೇರಬಹುದಿತ್ತು, ಆಗಲೂ ಸೀಟು ಸಿಗುತ್ತಿತ್ತು. ಇದನ್ನು ಅವಳು ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ಬಳೆ ಇನ್ನೂ ಬಿಡಿಸಿಲ್ಲ, ಬಡ್ಡಿ ಕಟ್ಟಿ ಕಟ್ಟಿ ರಿನ್ಯೂ ಮಾಡಿಸುತ್ತಿದ್ದೇವೆ.

ದಾವಣಗೆರೆ ಅಪ್ಪ

ಅಕ್ಕಾ, ಬೇಜಾರಾಯಿತು ಓದಿ. ಆದರೂ ನೀಟ್‌ಗೆ ಇಷ್ಟೇ ಸಲ ಅಂತ ಮಿತಿ ಇಲ್ಲ, ಮೇಲಿನ ವಯಸ್ಸಿನ ಮಿತಿಯೂ ತೆಗೆದಿದ್ದಾರೆ. ಇಂಜಿನಿಯರಿಂಗ್‌ನ ಜೆಇಇ ಮೇನ್ ಪರೀಕ್ಷೆ ಆಗಿದ್ದರೆ ಸತತ ಮೂರು ವರ್ಷ ಅಷ್ಟೇ. ನಿಮ್ಮ ಮಗಳು ಮನಸ್ಸು ಮಾಡಿದರೆ ಈಗಲೂ...

ಗದಗಿನ ತಾಯಿ

ಮಿತಿ ಇಲ್ಲದೇ ಇದ್ದದ್ದೇ ನಮ್ಮನ್ನು ತಿಂದಿದ್ದು. ಎರಡೇ ಸಲ ಅಂತ ಇದ್ದಿದ್ದರೆ ನನ್ನ ಸರ ಕೊರಳಲ್ಲಿರುತ್ತಿತ್ತು. ನೀವು ದಯವಿಟ್ಟು ಇನ್ನು ಸಾಕು ಮಾಡಿ.

ಕೋಟಾಕ್ಕೆ ಹೋಗಿ ಬಂದವ

ನೀವೆಲ್ಲ ಇಲ್ಲೇ ಹಾಕಿದಿರಿ, ಅದೇ ತಪ್ಪು. ರಾಜಸ್ಥಾನದ ಕೋಟಾ ನೋಡಿ, ಊರು ತುಂಬ ಕೋಚಿಂಗ್. ಅಲ್ಲಿ ವಾತಾವರಣವೇ ಬೇರೆ.

2021ರ ಬ್ಯಾಚ್‌ನವನು

ವಾತಾವರಣ ಬೇರೆ, ನಿಜ. ಅಲ್ಲಿ ಹಾಸ್ಟೆಲ್ ಫ್ಯಾನಿಗೆ ಸ್ಪ್ರಿಂಗ್ ಹಾಕಿಸಲು 2023ರಲ್ಲಿ ಜಿಲ್ಲಾಡಳಿತ ಆದೇಶ ಮಾಡಿತ್ತು. ಮಕ್ಕಳು ನೇಣು ಹಾಕಿಕೊಳ್ಳಬಾರದು ಅಂತ. ನಿಮಗೆ ಎಷ್ಟು ಬಂತು ಹೇಳಿ ಮೊದಲು.

ಕೋಟಾಕ್ಕೆ ಹೋಗಿ ಬಂದವ

ಮಾರ್ಕ್ಸ್ ಮುಖ್ಯ ಅಲ್ಲ. ನಾಲ್ಕು ತಿಂಗಳಿದ್ದು ಬಂದೆ. ಅಷ್ಟರಲ್ಲೇ ತುಂಬಾ ಕಲಿತೆ.

ಶಿವಮೊಗ್ಗ, ಮೊಬೈಲ್ ಅಂಗಡಿ

ಅಕ್ಕ ಕೇಳಿದ್ದು ಒಂದು, ಇಲ್ಲಿ ನಡೆಯುತ್ತಿರುವುದು ಇನ್ನೊಂದು. ಅವರು ಲಾಂಗ್ ಟರ್ಮ್ ಬೇಡ ಅಂತ ಮೊದಲೇ ಬರೆದಿದ್ದಾರೆ. ಯಾರಾದರೂ ಪೂರ್ತಿ ಓದಿದಿರಾ?

ನಾನು ಒಂದು ವರ್ಷ ಬಿಟ್ಟಿದ್ದೇನೆ. ಇಷ್ಟಪಟ್ಟು ಅಲ್ಲ. 2016, ಸೆಕೆಂಡ್ ಪಿಯು ಕಾಮರ್ಸ್ ಫಲಿತಾಂಶ ಬಂದ ವಾರ ಅಪ್ಪನ ಬೈಕಿಗೆ ಲಾರಿ ತಾಗಿತು. ಕಾಲಿಗೆ ರಾಡ್ ಹಾಕಿದರು. ನಾನು ಮೊಬೈಲ್ ಅಂಗಡಿಗೆ ಸೇರಿದೆ, ತಿಂಗಳಿಗೆ 5,500. ಮೊದಲ ಆರು ವಾರ ಹಬ್ಬ ಇದ್ದ ಹಾಗಿತ್ತು. ಓದಬೇಕಿಲ್ಲ, ಕೈಯಲ್ಲಿ ದುಡ್ಡು. ಆಮೇಲೆ ಗೆಳೆಯರೆಲ್ಲ ಕಾಲೇಜಿಗೆ ಹೋದರು. ಸಂಜೆ ಫೋನ್ ಮಾಡಿದರೆ ಅವರ ಮಾತಿನಲ್ಲಿ ಬರುವ ಹೆಸರುಗಳೇ ನನಗೆ ಗೊತ್ತಾಗುತ್ತಿರಲಿಲ್ಲ. ಅದು ಕಷ್ಟ. ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಅಂಗಡಿ ಮುಂದೆ ಸಿಮ್ಮಿಗೆ ಸಾಲು. ಆಧಾರ್ ಜೆರಾಕ್ಸ್ ತೆಗೆದು ತೆಗೆದು ಮೆಷಿನ್ ಬಿಸಿಯಾಗಿ ನಿಂತಿತು. ನವೆಂಬರ್ 8ಕ್ಕೆ ನೋಟ್ ಬ್ಯಾನ್. ಮೂರು ವಾರ ವ್ಯಾಪಾರ ಸೊನ್ನೆ. ಮಾಲೀಕರು ಸಂಬಳವನ್ನು ಹಳೇ ಐನೂರರ ನೋಟಿನಲ್ಲಿ ಕೊಟ್ಟರು, ನಾನು ಬ್ಯಾಂಕಿನ ಸಾಲಿನಲ್ಲಿ ಒಂದು ಹಗಲು ನಿಂತೆ. ಆ ಸಾಲಿನಲ್ಲಿ ನಿಂತಾಗಲೇ ದುಡ್ಡು ಅಂದರೆ ಏನು, ಬ್ಯಾಂಕ್ ಏನು ಮಾಡುತ್ತೆ ಅಂತ ಓದಬೇಕು ಅನ್ನಿಸಿದ್ದು. ಪಿಯುನಲ್ಲಿ ಅಕೌಂಟೆನ್ಸಿ ಬರೀ ಬಾಯಿಪಾಠ ಮಾಡಿದ್ದೆ.

2017ರಲ್ಲಿ ಬಿಕಾಂ ಸೇರುವಾಗ ಗ್ಯಾಪ್ ಯಾಕೆ ಅಂತ ಅಫಿಡವಿಟ್ ಕೇಳಿದರು. ಛಾಪಾ ಕಾಗದ, ಟೈಪಿಂಗ್, ನೋಟರಿ ಸೇರಿ 230 ರೂಪಾಯಿ. ಟೈಪ್ ಮಾಡುವವನು "ತಂದೆಯವರ ಅನಾರೋಗ್ಯ ನಿಮಿತ್ತ" ಅನ್ನುವಲ್ಲಿ "ನಿಧನ ನಿಮಿತ್ತ" ಅಂತ ಹೊಡೆದಿದ್ದ. ಹಳೇ ಫಾರ್ಮ್ಯಾಟಂತೆ. ಅಪ್ಪ ಪಕ್ಕದಲ್ಲೇ ಕೋಲು ಹಿಡಿದು ನಿಂತಿದ್ದರು. ಮತ್ತೆ 60 ರೂಪಾಯಿ. ಕ್ಲಾಸಿನಲ್ಲಿ ಒಂದು ವಾರ "ಅಣ್ಣಾ" ಅಂದರು, ಆಮೇಲೆ ಹೋಗೋ ಬಾರೋ. ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ, ಆ ವರ್ಷದ ಬಗ್ಗೆ ಇಂಟರ್‌ವ್ಯೂನಲ್ಲಿ ಒಬ್ಬರು ಮಾತ್ರ ಕೇಳಿದರು. ಅಂಗಡಿ ಕಥೆ ಹೇಳಿದೆ. ಅವರು ಜಿಯೋ ಸಾಲಿನ ಬಗ್ಗೆಯೇ ಹತ್ತು ನಿಮಿಷ ಮಾತಾಡಿದರು.

ಅಕ್ಕಾ, ಒಂದೇ ಮಾತು. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಇರಬೇಕು. ನಾನು ಹೋಗದಿದ್ದರೆ ಯಾಕೆ ಬರಲಿಲ್ಲ ಅಂತ ಕೇಳುವ ಒಬ್ಬರು ಇದ್ದರು. ಆ ದನದ ಡಾಕ್ಟರ್ ಹಾಗೆ ಕೇಳುವವರಾ?

ಪಿಯು ಲೆಕ್ಚರರ್

ಕಾಮರ್ಸ್‌ಗೆ ಅದೆಲ್ಲ ನಡೆಯುತ್ತೆ. ಸೈನ್ಸ್‌ನಲ್ಲಿ ಒಂದು ವರ್ಷ ಬಿಟ್ಟರೆ ಟಚ್ ಹೋಗುತ್ತೆ.

ಶಿವಮೊಗ್ಗ, ಮೊಬೈಲ್ ಅಂಗಡಿ

ಬಂತು ನೋಡಿ. ಕಾಮರ್ಸ್‌ನವರು ಮನುಷ್ಯರಲ್ಲ. ಸರ್, ನಿಮ್ಮ ಮಗ ಮೆಕ್ಯಾನಿಕ್ಸ್ ಟಚ್‌ನಲ್ಲೇ ಇದ್ದು ಬ್ಯಾಕ್ ಉಳಿಸಿಕೊಂಡನಲ್ಲ?

ಪಿಯು ಲೆಕ್ಚರರ್

ವೈಯಕ್ತಿಕ ಬೇಡ.

ಗದಗಿನ ತಾಯಿ

ಹೌದು ಬೇಡ. ಆದರೆ ಮೇಷ್ಟ್ರೇ, ಟಚ್ ಹೋಗುತ್ತೆ ಅನ್ನುವುದು ನೀವು ಮಕ್ಕಳನ್ನು ಹೆದರಿಸುವ ಮಾತು. ನನ್ನ ಮಗಳು ಎರಡು ವರ್ಷ ಬರೀ ಟಚ್‌ನಲ್ಲೇ ಇದ್ದಳು. ಅದೇ ಪುಸ್ತಕ, ಅದೇ ಲೈನಿಗೆ ಮೂರನೇ ಬಣ್ಣದ ಹೈಲೈಟರ್. ಒಂದು ದಿನ ನೋಡಿದರೆ ಪುಟದಲ್ಲಿ ಬಿಳಿ ಜಾಗವೇ ಉಳಿದಿರಲಿಲ್ಲ.

ದಾವಣಗೆರೆ ಅಪ್ಪ

ಹೈಲೈಟರ್ ಅಂದಾಗ ನೆನಪಾಯಿತು, ಲೆಕ್ಕದಲ್ಲಿ ಸ್ಟೇಷನರಿ ಬಿಟ್ಟುಹೋಗಿದೆ. ಸುಮಾರು 2,000 ಸೇರಿಸಿಕೊಳ್ಳಿ.

2021ರ ಬ್ಯಾಚ್‌ನವನು

ಸರ್, ಡೆಪಾಸಿಟ್ 10,000 ಯಾಕೆ ಖರ್ಚಿಗೆ ಸೇರಿಸಿದ್ದೀರಿ? ಅದು ವಾಪಸ್ ಬರುವ ದುಡ್ಡು ಅಲ್ವಾ?

ದಾವಣಗೆರೆ ಅಪ್ಪ

ಬಂದರೆ ತಾನೆ! ಮೇ ತಿಂಗಳಲ್ಲೇ ಕೇಳಿದೆ. ಅಕೌಂಟೆಂಟ್ ರಜೆ ಅಂದರು. ಜೂನ್‌ನಲ್ಲಿ ಒರಿಜಿನಲ್ ರಸೀದಿ ತನ್ನಿ ಅಂದರು. ತೆಗೆದುಕೊಂಡು ಹೋದೆ, 1,100 ಖರ್ಚು. ರೂಮಿನ ಕಿಟಕಿ ಗಾಜು ಒಡೆದಿದೆ, ನಾಲ್ಕು ಹುಡುಗರಿಗೆ ಹಂಚಿ ಕಡಿಯುತ್ತೇವೆ ಅಂದರು. ಆ ರೂಮಿನಲ್ಲಿ ಕಿಟಕಿಗೆ ಗಾಜೇ ಇರಲಿಲ್ಲ, ಸೊಳ್ಳೆ ಪರದೆ ಇತ್ತು. ಅದೂ ನಾವೇ ಹಾಕಿಸಿದ್ದು.

ಹಾಸನದ ಅಮ್ಮ (ಕೇಳಿದವರು)

ಎಲ್ಲರಿಗೂ ಧನ್ಯವಾದ. ಮಗಳು ನನ್ನ ಪಕ್ಕದಲ್ಲೇ ಕೂತು ಎಲ್ಲ ಓದಿದಳು. ಗದಗಿನ ಅಕ್ಕನ ಪೇಡೆ ವಿಷಯ ಬಂದಾಗ ಎದ್ದು ಒಳಗೆ ಹೋದಳು, ಸ್ವಲ್ಪ ಹೊತ್ತು ಬಿಟ್ಟು ಬಂದಳು. ಶಿವಮೊಗ್ಗದ ತಮ್ಮ ಕೇಳಿದ್ದಕ್ಕೆ ಅವಳೇ ಉತ್ತರ ಹೇಳಿದಳು: ಡಾಕ್ಟರ್ ಬೆಳಿಗ್ಗೆ ಆರೂವರೆಗೆ ಹೊರಡುತ್ತಾರೆ, ಐದು ನಿಮಿಷ ತಡವಾದರೂ ಬಿಟ್ಟು ಹೋಗುತ್ತಾರೆ, ಹೋದ ಬೇಸಿಗೆಯಲ್ಲಿ ಎರಡು ಸಲ ಬಿಟ್ಟು ಹೋಗಿದ್ದಾರೆ. ಇದು ನನಗೆ ಗೊತ್ತೇ ಇರಲಿಲ್ಲ. ಬೇಸಿಗೆಯಲ್ಲಿ ಅಜ್ಜಿ ಮನೆಯಲ್ಲಿದ್ದದ್ದು ಒಂಬತ್ತೇ ದಿನ, ರಿವಿಷನ್ ಬಿಡುವಿನಲ್ಲಿ.

ಆಪ್ಷನ್ ಎಂಟ್ರಿಯಲ್ಲಿ ಕೃಷಿ ಕಾಲೇಜುಗಳನ್ನು ಹಾಕಿದ್ದೇವೆ, ಅವರಪ್ಪನ ಸಮಾಧಾನಕ್ಕೆ. ಸೀಟು ಬಂದ ದಿನ ಮತ್ತೆ ಜಗಳ ಇದ್ದೇ ಇದೆ. ಅವಳಿಗೆ ಆಗಸ್ಟ್ 19ಕ್ಕೆ ಹದಿನೆಂಟು ತುಂಬುತ್ತದೆ, ಅವತ್ತೇ ಎಲ್‌ಎಲ್‌ಗೆ (ಗಾಡಿ ಕಲಿಯುವ ಲೈಸೆನ್ಸ್) ಅರ್ಜಿ ಹಾಕುತ್ತಾಳಂತೆ.

ಗದಗಿನ ತಾಯಿ

ಹಾಕಲಿ. ನನ್ನ ಮಗಳಿಗೆ ಇನ್ನೂ ಗಾಡಿ ಬರಲ್ಲ.

ದಾವಣಗೆರೆ ಅಪ್ಪ

ಒಳ್ಳೆಯದಾಗಲಿ ಮೇಡಂ. ಆದರೆ ಲಾಂಗ್ ಟರ್ಮ್ ಸೆಕೆಂಡ್ ಬ್ಯಾಚ್ ಆಗಸ್ಟ್ ಕೊನೆಗೆ ಶುರುವಾಗುತ್ತೆ, ಮನಸ್ಸು ಬದಲಾದರೆ ಹೇಳಿ. ಮತ್ತೆ ಡೆಪಾಸಿಟ್ ವಾಪಸ್ ಬಂದವರು ಯಾರಾದರೂ ಇದ್ದರೆ ಯಾರ ಹತ್ತಿರ ಮಾತಾಡಿದಿರಿ, ಎಷ್ಟು ಕಡಿದರು ಅಂತ ದಯವಿಟ್ಟು ತಿಳಿಸಿ.